ಖಾಯಂ ವಿಳಾಸ

ಚೆಲುವಾಂಬ ಆಸ್ಪತ್ರೆ, ನೋಂದಣಿ ಕಿಟಕಿ, ಬೆಳಿಗ್ಗೆ ಒಂಬತ್ತೂಕಾಲು.
ಈಚೆ ನಾನು, ದ್ವಿತೀಯ ದರ್ಜೆ, ಹತ್ತೊಂಬತ್ತು ವರ್ಷದಿಂದ ಇದೇ ಕುರ್ಚಿ.
ಅದರ ಒಂದು ಕಾಲು ಗಿಡ್ಡ,
ಹಳೇ ಎಕ್ಸ್‌ರೇ ಕವರು ಮಡಚಿ ಇಟ್ಟಿದ್ದೇನೆ.
ಆಚೆ ಅವಳು, ಏಳು ತಿಂಗಳು,
ಹಿಂದಿನವರಿಗೆಲ್ಲ ಜಾಗ ಬಿಟ್ಟು ಬಿಟ್ಟು
ಸಾಲಿನ ಕೊನೆಗೆ ಉಳಿದವಳು.

ಹೆಸರು? ಶಕೀಬಾ.
ಗಂಡ ಗಂಗೋತ್ರಿಗೆ ಓದಲು ಬಂದವನಂತೆ.
ಅವನ ಓದು ಮುಗಿಯುವ ಮೊದಲೇ
ಹಿಂದಿರುಗಬೇಕಾದ ಊರು ಮುಗಿದಿತ್ತು.
ಆಧಾರ್? ತಲೆಯಲ್ಲಾಡಿಸಿದಳು.
ಕಂಪ್ಯೂಟರಿಗೆ ಹನ್ನೆರಡು ಅಂಕಿ ಬೇಕು.
ಕೊಡದಿದ್ದರೆ ಮುಂದಿನ ಮನೆಗೆ ಹಾರುವುದಿಲ್ಲ,
ಕುಂಟೆಬಿಲ್ಲೆಯಲ್ಲಿ ಗೆರೆ ಮೆಟ್ಟಿದ ಹುಡುಗಿಯ ಹಾಗೆ
ನಿಂತಲ್ಲೇ ನಿಲ್ಲುತ್ತದೆ.

ಒಳ್ಳೆಯವಳೆನ್ನಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ.
ಅವತ್ತು ಅವಳನ್ನು ವಾಪಸು ಕಳಿಸಿದೆ.
'ನಾಳೆ ಬನ್ನಿ' ಎಂದೆ.
ನಮ್ಮ ಇಲಾಖೆಯಲ್ಲಿ ಎಂದೂ ಸ್ಟಾಕ್ ಮುಗಿಯದ ಮಾತ್ರೆ ಅದು.

ಮಾರನೇ ದಿನ ಅವಳ ಜೊತೆ
ರಾಜೀವನಗರದ ಆಶಾ ಚಿಕ್ಕತಾಯಿ, ಗುಲಾಬಿ ಸೀರೆ, ಕಂಕುಳಲ್ಲಿ ರಿಜಿಸ್ಟರು.
'ಯಾಕ್ ಮೇಡಂ ಕಳ್ಸುದ್ರಿ?
ತಾಯಿ ಕಾರ್ಡು ನಾನೇ ಕೊಟ್ಟಿವ್ನಿ,
ಎರಡು ಇಂಜೆಕ್ಷನ್ ಆಗದೆ,
ಕಬ್ಬಿಣದ್ ಮಾತ್ರೆ ಎದುರ್ಗೇ ನಿಂತು ನುಂಗಿಸಿವ್ನಿ.
ಯಾವ ದೇಶ ಅಂತ ಕೇಳಂಗಿದ್ರೆ
ಹೊಟ್ಟೇಲಿರೋದನ್ನ ಕೇಳ್ಕಳಿ.'

ಅಟೆಂಡರ್ ಪುಟ್ಟಮಾದಯ್ಯ ನನ್ನ ಭುಜದ ಮೇಲಿಂದ ಬಗ್ಗಿ
ಪರದೆಯನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಎಳೆದ.
ತಳದಲ್ಲಿ ಒಂದು ಚೌಕ: 'ಇತರೆ'.
ಅದು ಮೊದಲಿನಿಂದಲೂ ಅಲ್ಲೇ ಇತ್ತಂತೆ.
ನಾನು ಅಷ್ಟು ಕೆಳಗೆ ಹೋಗಿರಲಿಲ್ಲ.

ಸರಿ, ಅರ್ಜಿ ತುಂಬಿಸಲು ಕೂತೆವು.
ನಾನು ಓದಿ ಹೇಳಬೇಕು, ಚಿಕ್ಕತಾಯಿ ಕೈಸನ್ನೆ ಮಾಡಬೇಕು.
ಅರ್ಜಿ ಎಂದೆ. ಅವಳು ತಟ್ಟನೆ ತಲೆಯೆತ್ತಿದಳು: ಅರ್ಜ್?
ತಾರೀಖು ಎಂದೆ. ತಾರೀಖ್!
ಕಾಗದ. ಕಾಘಜ್.
ಮೊಹರು, ರಸೀದಿ, ಹಾಜರಿ, ಬಾಕಿ
ಒಂದೊಂದಕ್ಕೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು,
ಪರಊರಿನ ಬಸ್‌ಸ್ಟ್ಯಾಂಡಿನಲ್ಲಿ
ತನ್ನೂರಿನವರನ್ನು ಒಬ್ಬೊಬ್ಬರಾಗಿ ಕಂಡವಳಂತೆ.

ಇವೆಲ್ಲ ನಮ್ಮವೇ ಅಂದುಕೊಂಡಿದ್ದೆ.
ಯಾವ ಕಾಲದಲ್ಲೋ ಯಾರ ಕುದುರೆಯ ಬೆನ್ನೇರಿಯೋ ಬಂದು
ದಫ್ತರದ ಜಗಲಿಗಳಲ್ಲಿ ರಾತ್ರಿ ಕಳೆದು
ಬಾಲಕ್ಕೆ ಒಂದು ಇಕಾರವನ್ನೋ ಉಕಾರವನ್ನೋ ಅಂಟಿಸಿಕೊಂಡು
ನಮ್ಮ ನಾಲಿಗೆಯ ಮೇಲೆ ಮನೆ ಮಾಡಿಕೊಂಡಿವೆ.
ಅವುಗಳ ಆಧಾರನ್ನು ಯಾರೂ ಕೇಳಿದ ಹಾಗಿಲ್ಲ.

ಆಮೇಲೆ ಆ ಕಾಲಂ ಬಂತು.
ಖಾಯಂ ಅವಳಿಗೆ ಗೊತ್ತು. ವಿಳಾಸ ಗೊತ್ತಿಲ್ಲ.
ನನಗೆ ಎರಡೂ ಗೊತ್ತು, ಜೋಡಿಸಿ ಕೇಳಲು ಮಾತ್ರ ಬಾಯಿ ಬರಲಿಲ್ಲ.
ಚಿಕ್ಕತಾಯಿ ಎರಡೂ ಅಂಗೈ ಜೋಡಿಸಿ ಮಾಡು ಮಾಡಿ ತೋರಿಸಿದಳು: ಮನೆ.
ಶಕೀಬಾ ಪೆನ್ನು ಕೆಳಗಿಟ್ಟು
ಪೆನ್ಸಿಲ್ ಇದೆಯಾ ಎಂದು ಬೆರಳಲ್ಲಿ ಕೇಳಿದಳು.
ನೀಲಿ ಶಾಯಿಯಲ್ಲೇ ತುಂಬತಕ್ಕದ್ದು ಎಂದು
ಗೋಡೆಗೆ ಅಂಟಿಸಿದವಳು ನಾನೇ.
ಡ್ರಾಯರಿನಲ್ಲಿ ಹುಡುಕಿ, ಒಂದು ಗೇಣೂ ಇಲ್ಲದ ಪೆನ್ಸಿಲ್ ಕೊಟ್ಟೆ.
ಅವಳು ಬರೆದದ್ದನ್ನು ಓದಲು ನನಗೆ ಬರುವುದಿಲ್ಲ.
ಬಲದಿಂದ ಎಡಕ್ಕೆ ಹೋಗಿತ್ತು,
ಅರ್ಧ ಉಜ್ಜಿ, ಅದರ ಮೇಲೆಯೇ
ರಾಜೀವನಗರ ಎರಡನೇ ಹಂತ ಎಂದು
ಇಂಗ್ಲಿಷಿನ ದಪ್ಪಕ್ಷರದಲ್ಲಿ.

ಮಗು ಹುಟ್ಟಿದ್ದು ಶ್ರಾವಣದಲ್ಲಿ, ಹೆಣ್ಣು, ಎರಡೂ ಮುಕ್ಕಾಲು ಕೆಜಿ.
ಜನನ ಪತ್ರಕ್ಕೆ ಮೂರು ಸಲ ಅಲೆದರು.
ಬ್ಯಾಂಕಿನವರು ಖಾತೆ ಇನ್ನೂ ತೆರೆದಿಲ್ಲ.
ಖಾತೆ ಯಾರ ಪದವೋ, ಕೇಳಬೇಕು.
ಭಾನುವಾರ ಬಡಾವಣೆಯ ಗ್ರಂಥಾಲಯದಲ್ಲಿ
ಚಿಕ್ಕತಾಯಿಯ ಮಗಳು ಐದಾರು ಜನಕ್ಕೆ ಕನ್ನಡ ಹೇಳಿಕೊಡುತ್ತಾಳೆ,
ಹಾಲು ಎಷ್ಟು, ಚೇಂಜ್ ಕೊಡಿ, ಮುಂದಿನ ಸ್ಟಾಪು.

ಲಸಿಕೆಗೆ ಬಂದಾಗ ಕಿಟಕಿಗೆ ಬಗ್ಗಿ ಮಗುವನ್ನು ತೋರಿಸಿದಳು.
ಆವತ್ತು ನಿಮ್ಮನ್ನು ಸುಮ್ಮನೆ ವಾಪಸು ಕಳಿಸಿದೆ, ನೋಡಿ, ಎಂದೆ,
ಅವಳಿಗೆ ಅರ್ಥವಾಗದಿದ್ದರೆ ಒಳ್ಳೆಯದೆಂದುಕೊಂಡೇ.
ಅರ್ಥವಾಯಿತು.
'ಪರವಾ' ಎಂದು ಒಂದು ಗಳಿಗೆ ತಡೆದು
ತನ್ನೂರಿನಿಂದ ಅದನ್ನು ಕೈಹಿಡಿದು ಕರೆತಂದವಳಂತೆ
ನಮ್ಮ ಬಾಲ ಸೇರಿಸಿದಳು: 'ಗಿಲ್ಲ'.