ಬಾಕಿ ಚಿಲ್ಲರ

ಸೇಡಂ ರೋಡಿಗೆ ಮೋಟಾರು ವೈಂಡಿಂಗ್ ಅಂಗಡಿ,
ಅದರ ಮ್ಯಾಲ ಒಂದು ಖೋಲಿ.
ಶನಿವಾರ ಹತ್ತಕ್ಕ ಒಳಗ ನಾಕು ಮಕ್ಕಳು,
ಹೊರಗ ಪಾವಟಿಗಿ ಮ್ಯಾಲ ನಾವು,
ಮಾತಿಲ್ಲದ ನಾಕು ಮಂದಿ.

ವಾರದ ರಜಾ ಶನಿವಾರಕ್ಕ ಬದಲಿ ಮಾಡಿಸಿಕೊಂಡೀನಿ.
ಯಾಕೋ, ಮಗನಿಗೆ ಏನಾಗ್ಯಾದ? ಅಂದ್ರು ಡಿಪೋದಾಗ.
ಏನೂ ಆಗಿಲ್ರಿ ಸಾಹೇಬ್ರ,
ಮಾತಾಡೋ ಸಾಲಿಗೆ ಹೋಗ್ತಾನ್ರಿ, ಅಂದೆ.
ಅದೂ ಪೂರಾ ಖರೇ ಅಲ್ಲ.
ಅಣವೀರನ ಬಲ್ಲೆ ಮಾತು ಅವ:
ನಂದೂರ, ಶಹಾಬಾದ, ವಾಡಿ, ನಾಲವಾರ, ಯಾದಗಿರಿ,
ನನ್ನ ರೂಟು ಪೂರಾ, ಹೋಗೂದೂ ಬರೂದೂ,
ನಿದ್ದಿಗಣ್ಣಾಗ ಸೈತ ಒಂದು ಸ್ಟಾಪು ತಪ್ಪಂಗಿಲ್ಲ.
ಅಪ್ಪಾ ಅನ್ನೂ ಸ್ಟಾಪಿಗೆ ಮಾತ್ರ
ಬಸ್ಸು ನಿಲ್ಲಂಗಿಲ್ಲ.

ಮಂದಾಕಿನಿ ಟೀಚರು ಫರಸಿ ಮ್ಯಾಲ
ಬಳಪದಿಂದ ಗುಂಡಗ ನಾಕು ಮನಿ ಬರೀತಾರ.
ಕೆಂಪು ಚೆಂಡು ಒಂದೇ ಒಂದು.
ಹೆಸರು ಕರೀಬೇಕು, ಉರುಳಿಸಬೇಕು,
ಆಮ್ಯಾಲ ಕಾಯಬೇಕು.
ಇಷ್ಟೇ ಆಟ.
ನಾವು ಇದನ್ನ ಓಣಿಯಾಗ ಗುದ್ದು ತಿಂದು ಕಲ್ತಿದ್ವಿ,
ಕಲ್ತೀವಿ ಅನ್ನೂದೇ ಗೊತ್ತಿರಲಿಲ್ಲ.

ಉಮೈರಾಗ ಚೆಂಡು ಸಿಕ್ಕರ ಮುಗೀತು,
ಎದಿಗವಚಿ ಮೂಸಿಕೋತ ಕೂಡ್ತಾಳ.
ರಾಠೋಡರ ಕೃತಿಕಾ ತನ್ನ ಹೆಸರು ತಾನೇ ಕೂಗಿ
ತನಗ ತಾನೇ ಉರುಳಿಸ್ತಾಳ.
ಕೆಳಗ ಮೋಟಾರು ಕಿರ್ರಂದ್ರ
ತೇಜು ಕಿವಿ ಮುಚ್ಚಿ ಮೂಲಿಗೆ.
ನನ್ನವ ತನ್ನ ಮನಿಯಾಗ ಬೋರಲ ಬಿದ್ದು
ಫರಸಿಗೆ ಗಲ್ಲ ಹಚ್ಚತಾನ.
ಹೊರಗ ನಲವತ್ತಮೂರು ಡಿಗ್ರಿ ಬಿಸಲು.
ನಾಕರಾಗ ಇವನೇ ಶಾಣ್ಯಾ ಅನಿಸ್ತದ ಒಮ್ಮೊಮ್ಮೆ.

ಕಣ್ಣಾಗ ಕಣ್ಣಿಟ್ಟು ನೋಡಂಗಿಲ್ಲಲ್ರಿ ಟೀಚರ್, ಅಂದಿದ್ದೆ ಮೊದಲ ತಿಂಗಳು.
ನೀವು ನೋಡ್ತೀರೇನ್ರಿ, ಬಸ್ಸಿನ್ಯಾಗ? ಅಂದ್ರು,
ನಗಲಿಲ್ಲ.
ಮರುದಿನ ಆರೂಹದಿನೈದರ ಗಾಡಿಯಾಗ ನೆನಪಾಯ್ತು.
ಹತ್ತೊಂಬತ್ತು ವರ್ಷ,
ನಾನು ನೋಡಿದ್ದು ಬರೀ ಕೈ:
ಸುಣ್ಣ ಹತ್ತಿದ ಬೆರಳು, ಹಸರ ಬಳಿ,
ವಾಡಿ ಇಳಿಯವರ ಉಗುರಿನ್ಯಾಗ ಸಿಮೆಂಟು,
ಬೆವರಿಗೆ ಮೆತ್ತಗಾದ ಹತ್ತರ ನೋಟು.
ಯಾರು ಎಲ್ಲಿ ಇಳೀತಾರ ಬೇಕಾದ್ರ ಕೇಳ್ರಿ.
ಕಣ್ಣು ಮಾತ್ರ ಒಂದೂ ನೆನಪಿಲ್ಲ.

ಎಂಟನೇ ಶನಿವಾರ
ಕುರ್ಚಿ ಸಾಲಾಗಿಟ್ಟು, ಇದು ಬಸ್ಸು, ಅಂದ್ರು ಟೀಚರು.
ಕಂಡಕ್ಟರ್ ಯಾರು?
ಬೋರಲ ಬಿದ್ದವ ಎದ್ದ.
ನನ್ನ ಹಳೀ ಚೀಲ ಅವನ ಹೆಗಲಿಗೆ, ಮೊಣಕಾಲ ತನಕ.
ಉಮೈರಾನ ಮುಂದ ನಿಂತ.
ಅವಳ ಕೈ ನೋಡಿದ, ಮಾರಿ ಅಲ್ಲ.
ಎಲ್ಲಿಗ್ರಿ?
ನನ್ನ ದನಿ. ನನ್ನ ಅದೇ ಮೂಗಿನ ದನಿ.

ಅಕಿ ಮಾತಾಡಲಿಲ್ಲ.
ನಾನಾಗಿದ್ರ ಇಷ್ಟೊತ್ತಿಗೆ ಒದರಿರ್ತಿದ್ದೆ.
ಅವ ನಿಂತೇ ಇದ್ದ. ಫ್ಯಾನು ತಿರಗತಿತ್ತು.
ಪಾವಟಿಗಿ ಮ್ಯಾಲ ಯಾರೋ ಉಗುಳು ನುಂಗಿದ ಸಪ್ಪಳ.
ಉಮೈರಾ ಚೆಂಡು ಮೂಸಿದಳು, ಒಂದು ಸಲ, ಇನ್ನೊಂದು ಸಲ,
ಆಮ್ಯಾಲ ಅವನ ಕೈಯಾಗ ಇಟ್ಟಳು.

ಚಿಲ್ಲರ ಇಲ್ರಿ,
ಇಳಿಯೂಮುಂದ ಕೊಡ್ತೀನಿ, ಅಂದ ನನ್ನ ಮಗ.
ಕಾಗದ ಹರಿದು ಹಿಂದ ಏನೋ ಗೀಚಿದ.

ನಕ್ಕೆವು, ಎಷ್ಟು ನಕ್ಕೆವು.
ಅಷ್ಟರಾಗ ಕೃತಿಕಾ ರೈಟ್ ರೈಟ್ ಅಂತ ಕುರ್ಚಿ ಎಳೆದಳು,
ಸಾಲು ಕೆಡ್ತು.
ಅಣವೀರ ನೆಲಕ್ಕ ಬಿದ್ದು ಚೀರಿದ,
ಅವನ್ನ ಕೇಳಿ ತೇಜು, ತೇಜುನ್ನ ಕೇಳಿ ಉಮೈರಾ.
ಇವತ್ತಿಗೆ ಸಾಕು, ಅಂದ್ರು ಟೀಚರು.

ಜಗತ್ ಸರ್ಕಲ್ಲಿನ ಕೆಂಪು ದೀಪದಾಗ
ಹಿಂದ ನನ್ನ ಅಂಗಿ ಹಿಡಿದು ಕುಂತವ
ಬೆನ್ನಿಗೆ ಹೇಳಿದ:
ಉಮೈರಾಂದು ಬಾಕಿ ಅದ.

ಇಳಿಯೂಮುಂದ ಕೊಡ್ತೀನಿ ಅಂದು
ನಾನು ಕೊಡದೇ ಬಿಟ್ಟಿದ್ದು ಎಷ್ಟಿರಬಹುದು,
ಇಳಿದವರು ತಿರುಗಿ ಕೇಳದ್ದು ಎಷ್ಟು.
ಶನಿವಾರ, ಅಂದ ಇವ ಮತ್ತ.
ಹೌದಪ್ಪಾ, ಶನಿವಾರ.

ಹಿಂದಿನ ಗಾಡಿಯವ ಹಾರ್ನು ಒತ್ತೇ ಒತ್ತತಿದ್ದ.
ಹಸರು ಯಾವಾಗ ಬಿತ್ತೋ.