ಬಿಸಿ ಕಡೆ, ತಣ್ಣನ ಕಡೆ

ಹಟ್ಟಿಯ ನೆಲದಡಿ ಎರಡು ಸಾವಿರದೆಂಟುನೂರು ಅಡಿ.
ಅಲ್ಲಿ ಚಳಿಗಾಲ ಅನ್ನೋದಿಲ್ಲ.
ಕಲ್ಲಿಗೇ ಜ್ವರ ಬಂದಂಗ ಇರತೈತಿ,
ಅಂಗಿ ಬೆನ್ನಿಗಂಟಿ ಎರಡನೆ ತೊಗಲಾಗತೈತಿ.
ನನ್ನ ಕೆಲಸ ಬಂಗಾರ ಅಗಿಯೋದಲ್ಲ,
ಗಾಳಿ ಅಳೆಯೋದು.
ಜೋಡಿ ಥರ್ಮಾಮೀಟರು, ಒಂದಕ್ಕ ಒದ್ದೆ ಅರಿವಿ, ಒಂದು ಒಣದು.
ಗಿರಗಿಟ್ಟಿಯಂಗ ಗರಗರ ತಿರುಗಿಸಿ
ಪಾದರಸ ನಿಂತ ಮ್ಯಾಲೆ
ತಲಿ ಮ್ಯಾಲಿನ ದೀಪದಾಗ ಬರಕೊಳ್ಳೋದು:
ಒದ್ದೆ ಮೂವತ್ತು, ಒಣ ಮೂವತ್ಮೂರು.
ಷರಾ: ಗಾಳಿ ಸಾಲದು.

ಮ್ಯಾಲೆ ಬಂದ್ರ ಡಿಸೆಂಬರು.
ನಮ್ಮ ಜಿಲ್ಲಾಕ್ಕ ಚಳಿ ಐತಿ ಅಂದ್ರ ಯಾರೂ ನಂಬಂಗಿಲ್ಲ,
ರಾಯಚೂರು ಅಂದ್ರ ಬಿಸಲು ಅಂತ ಬರದು ಮುಗಿಸ್ಯಾರ.
ಬರ್ರಿ, ಎಳ್ಳ ಅಮಾಸಿ ಮುಂದ ಒಂದಿನ ನಮ್ಮ ಕ್ವಾರ್ಟರ್ಸಿಗೆ,
ಬೆಳಗಿನ ಐದಕ್ಕ
ಬರಿಗಾಲಲೆ ಪರಸಿ ತುಳದು ನೋಡ್ರಿ.

ಆ ಪರಸಿ ಮ್ಯಾಲೆ, ನಡುಮನಿ ಮೂಲ್ಯಾಗ
ಗಾಜಿನ ಪೆಟಗಿ. ಒಳಗ ಜ್ವಾಳಮ್ಮ.
ದೂರದೇಶದ ತಳಿ, ವಿಷ ಇಲ್ಲ, ಕಾಗದಪತ್ರ ಎಲ್ಲಾ ಐತಿ,
ನನ್ನ ಆಧಾರಿಗಿಂತ ಅದರ ಫೋಟೋ ಚಂದ.
ಹೊಟ್ಟಿ ಮ್ಯಾಲಿನ ಚೌಕ ಚೌಕ ಮೆಕ್ಕಿಜ್ವಾಳದ ತೆನಿ ಇದ್ದಂಗ ಅಂತ
ಮಗಳು ನೀಲವ್ವ ಇಟ್ಟ ಹೆಸರು.

ಮೊದಲನೆ ಚಳಿಗಾಲ ನಾನು ತಿಳೀದ
ಎರಡು ದೊಡ್ಡ ಬಲ್ಬು ಹಚ್ಚಿ ಪೆಟಗಿ ತುಂಬ ಬಿಸಿ ಮಾಡಿದ್ದೆ.
ಅದು ಮೂಗು ಗಾಜಿಗೆ ಒತ್ತಿ ಒತ್ತಿ ತಿರುಗಿತು.
"ಅಪ್ಪಾ, ಪೂರಾ ಬಿಸಿ ಮಾಡಿದ್ರ
ಅದು ಎಲ್ಲಿಗೆ ಹೋಗಬೇಕು?"
ಇಪ್ಪತ್ತಾರು ವರ್ಷ ಗಾಳಿ ಅಳದೀನಿ.
ಈ ಮಾತು ಕೆಳಗ ಯಾರಿಗೂ ಕೇಳಿರಲಿಲ್ಲ.

ಈಗ ಬಿಸಿ ಹಾಸಿಗಿ ಒಂದು ಕಡೆ ಅಷ್ಟ, ಪೆಟಗಿ ಬುಡಕ.
ಮೂವತ್ತು ದಾಟಿದರ ತಾನೇ ಆರೋ ಯಂತ್ರ,
ಹಿಂದ ಟೀವಿ ಡಬ್ಬಿಯ ಥರ್ಮೋಕೋಲು.
ಬಿಸಿ ಕಡೆ ಮೂವತ್ತು, ತಣ್ಣನ ಕಡೆ ಇಪ್ಪತ್ಮೂರು,
ಎರಡೂ ಕಡೆ ಅಡಗಾಕ ಒಂದೊಂದು ಒಡದ ಗಡಿಗಿ.
ತನ್ನ ಮೈ ತಾನೇ ಓದಕೊಂಡು
ಅತ್ತ ಸರೀತೈತಿ, ಇತ್ತ ಸರೀತೈತಿ.

ದುರುಗಮ್ಮ, ನನ್ನ ಹೆಂಡತಿ,
ಆ ಮೂಲಿಗೆ ಬೆನ್ನು ಮಾಡೇ ಕಸ ಹೊಡೀತಿದ್ದಳು.

ಅವತ್ತು ನೀಲವ್ವ ಮಾನ್ವಿಗೆ ಖೋಖೋ ಆಡಾಕ ಹೋಗಿದ್ದಳು.
ಜ್ವಾಳಮ್ಮ ಇಲಿ ನುಂಗಿ ಎರಡು ದಿನ,
ಉಂಡ ಹೊಟ್ಟಿಗೆ ಚಳಿ ಆಗಂಗಿಲ್ಲ, ಕಾರತೈತಿ.
ಹತ್ತೂವರಿಗೆ ಕರೆಂಟು ಹೋತಂತ.
ಗಣಿಯ ಫ್ಯಾನು ತಿರುಗತಾನ ಇತ್ತು, ನನಗ ಗೊತ್ತಿಲ್ಲ.

ಒಂದಕ್ಕ ಮನಿಗೆ ಬಂದೆ.
ಕತ್ತಲದಾಗ ಮಣಿ ಮ್ಯಾಲೆ ಕುಂತಾಳ, ಮೊಬೈಲು ಬೆಳಕು.
ಮೊಣಕಾಲಿಗೆ ಕೊಂಡ ಬಿಸಿನೀರಿನ ಚೀಲ
ಪೆಟಗಿಯ ಒಂದು ಕಡೆ ಬುಡಕ,
ಗಾಜಿನ ಮ್ಯಾಲೆ ನನ್ನ ಕೌದಿ,
ಅವರವ್ವ ಹಳೆ ಲುಂಗಿ, ಇಳಕಲ್ ಸೀರಿ ಸೇರಿಸಿ ಹೊಲದದ್ದು.
ತೊಡಿ ಮ್ಯಾಲೆ ನನ್ನ ರಿಜಿಸ್ಟರು. ಏಳನೆತ್ತದ ದುಂಡಕ್ಷರ:

ಹನ್ನೊಂದು. ಇಪ್ಪತ್ತಾರು.
ಹನ್ನೊಂದೂವರಿ. ನೀರು ಬದಲ. ಇಪ್ಪತ್ತೊಂಬತ್ತು.
ಹನ್ನೆರಡೂವರಿ. ಇಪ್ಪತ್ತೆಂಟು.
ಷರಾ: ಗಡಿಗಿ ಬುಡಕ ಮಲಗೈತಿ. ಹೊಟ್ಟಿ ಹಂಗ ಐತಿ.

"ನನ್ನ ಕೌದಿ?"
"ಕೆಳಗ ಬಿಸಿ ಸಾಕಾಗಿರಬೇಕಲ್ಲ ನಿಮಗ."
ಎದ್ದು ಮತ್ತ ಬೋಗುಣಿ ಒಲಿ ಮ್ಯಾಲಿಟ್ಟಳು.
ಕುದಿಯಾಕ ಬಿಡಲಿಲ್ಲ,
ಮೊಣಕೈ ಅದ್ದಿ ನೋಡಿದಳು,
ಕೂಸಿಗೆ ಎರಿಯೋ ನೀರು ನೋಡಿದಂಗ.

ಮಲಗಿದ್ದು ಹೆಂಗ ಕಂಡಿ, ನೀ ನೋಡಂಗಿಲ್ಲಲ್ಲ, ಅಂದೆ.
ಮಾತಾಡಲಿಲ್ಲ.
ಪರಸಿ ಮ್ಯಾಲೆ ಕುಂತೆ, ಪೆಟಗಿಯ ತಣ್ಣನ ಕಡೆ,
ಆಕಿ ಆ ಕಡೆ.

ಮೂರಕ್ಕೋ ನಾಕಕ್ಕೋ ಕರೆಂಟು ಬಂದಿರಬೇಕು,
ಎಚ್ಚರಾದಾಗ ಯಂತ್ರದ ಕೆಂಪು ಚುಕ್ಕಿ ಉರೀತಿತ್ತು,
ಕೌದಿಯ ಒಂದು ಸೆರಗು ನನ್ನ ಪಾದದ ಮ್ಯಾಲಿತ್ತು.
ಆ ಹೊತ್ತಿನ ಲೆಕ್ಕ
ರಿಜಿಸ್ಟರಿನ್ಯಾಗ ಖಾಲಿ ಐತಿ.