ಬೊಹೋರ್ ಅಂಜೂರ ಬಿಡಿಸುತ್ತಾನೆ

ನಮ್ಮ ಕೋಣೆಯೊಳಗೆ ಹಗಲಿಗೆ ಪ್ರವೇಶವಿಲ್ಲ.
ಕಪ್ಪು ಪರದೆ, ನೇರಳೆ ದೀಪ,
ಜಾರುತ್ತ ಬರುವ ಪಟ್ಟಿಯ ಮೇಲೆ ಆಯ್ದಿನ್ ಸೀಮೆಯ ಅಂಜೂರ.
ವಿಷ ಹತ್ತಿದ ಹಣ್ಣು ಮಾತ್ರ ಹಸಿರಾಗಿ ಹೊಳೆಯುತ್ತದೆ;
ಹೊಳೆದದ್ದನ್ನು ಎತ್ತಿ ಎಸೆಯುವುದಕ್ಕೆ ನಮಗೆ ದಿನಗೂಲಿ.

ಸೆಪ್ಟೆಂಬರಿನಲ್ಲಿ ಇಜ್ಮಿರಿನಿಂದ ಬಸ್ಸು ಹಿಡಿದು ಬರುತ್ತಾನೆ ಬೊಹೋರ್.
ಎಪ್ಪತ್ತು ದಾಟಿದ ಯಹೂದಿ. ಮಾಸಿದ ಟೊಪ್ಪಿ, ಚರ್ಮದ ಚೀಲ.
ಚೀಲದಲ್ಲಿ ಎರಡು ಬೆಂದ ಮೊಟ್ಟೆ, ಒಂದು ಸೌತೆ,
ಬಟ್ಟೆಯಲ್ಲಿ ಸುತ್ತಿದ ಅವನದೇ ಚಾಕು.
ಪೆಟ್ಟಿಗೆಗೆ ಇಪ್ಪತ್ತು ಹಣ್ಣು ಆರಿಸಿ, ಸೀಳಿ,
ಒಳಗನ್ನು ಹೊರಗೆ ಮಾಡಿ ಬಿಸಿಲಿಗೆ ಹಿಡಿದು
ಕನ್ನಡಕ ಹಣೆಗೇರಿಸಿ ನೋಡುತ್ತಾನೆ,
ಮಗುವಿನ ಕಿವಿಯೊಳಗೆ ಏನೋ ಹೊಕ್ಕಿದೆ ಎಂಬಂತೆ.

ಹುಳ ಎಣಿಸೋ ಮುದುಕ ಎಂದು ಹೆಸರಿಟ್ಟವಳು ನಾಜ್ಮಿಯೆ.
ಎಲ್ಲರೂ ನಕ್ಕೆವು. ನಾನೇ ಜಾಸ್ತಿ.
ಅವನ ಮನೆಯಲ್ಲಿ ಹಾಲಿಗೊಂದು ಪಾತ್ರೆ, ಮಾಂಸಕ್ಕೊಂದು ಪಾತ್ರೆ,
ಒಂದು ಇನ್ನೊಂದರ ಮುಖ ನೋಡುವ ಹಾಗಿಲ್ಲವಂತೆ.
"ಥೇಟು ನಮ್ಮ ಬೀಗರು" ಎಂದಳು ಅವಳು.

ಒಮ್ಮೆ ಕೇಳಿಯೇಬಿಟ್ಟೆ:
ಅಜ್ಜಾ, ಕಣ್ಣಿಗೆ ಬೀಳದ ಹುಳ ಇದ್ದರೆ?
ಚಾಕು ಒರೆಸುತ್ತ ಹೇಳಿದ:
"ಕಾಣದ್ದು ನನ್ನ ಲೆಕ್ಕಕ್ಕಿಲ್ಲ, ಮಗಳೇ.
ಕಂಡೂ ಕಾಣದ ಹಾಗೆ ಇದ್ದೆನೋ, ಅದು ನನ್ನ ಲೆಕ್ಕ."

ನಮ್ಮ ಬದನೆಕಾಯಿ ಪಲ್ಯ ಮುಟ್ಟುವುದಿಲ್ಲ.
ಪಿಂಗಾಣಿ ಬಟ್ಟಲಿನ ಕಾಫಿಗೆ ಎದೆಯ ಮೇಲೆ ಕೈಯಿಟ್ಟು ಬೇಡ ಅನ್ನುತ್ತಾನೆ.
ಚಹಾ ಕುಡಿಯುತ್ತಾನೆ, ಗಾಜಿನ ಲೋಟವಾದರೆ.
ಗಾಜು ಏನನ್ನೂ ಒಳಗಿಟ್ಟುಕೊಳ್ಳುವುದಿಲ್ಲ ಎನ್ನುತ್ತಾರಂತೆ ಅವನ ಹಿರಿಯರು.
ಆವತ್ತಿನಿಂದ ಲೋಟ ತೊಳೆದಾಗಲೆಲ್ಲ
ಸುಮ್ಮನೆ ಬೆಳಕಿಗೆ ಹಿಡಿಯುತ್ತೇನೆ.
ನಮ್ಮತ್ತೆಗೆ ಈ ಗುಣವಿದ್ದಿದ್ದರೆ.

ಆ ವರ್ಷ ರಾಟರ್‌ಡ್ಯಾಮಿನ ಖರೀದಿದಾರನೂ ಬಂದಿದ್ದ.
ಊಟದ ಹೊತ್ತು. ನನ್ನ ಕೈಯಿಂದ ರೊಟ್ಟಿಯ ತುಣುಕು ಜಾರಿ ನೆಲಕ್ಕೆ ಬಿತ್ತು.
ಎತ್ತಿ, ತುಟಿಗೊತ್ತಿ, ಹಣೆಗೊತ್ತಿ,
ಯಾರ ಕಾಲಿಗೂ ಸಿಗದ ಹಾಗೆ ಗೋಡೆಯ ಗೂಡಿನಲ್ಲಿಟ್ಟೆ.
ಅಮ್ಮ ಹಾಗೆ ಮಾಡುತ್ತಿದ್ದಳು. ಯಾಕೆ ಎಂದು ನಾನು ಕೇಳಿರಲಿಲ್ಲ.
ಅವನು ಫೋನು ಎತ್ತಿ ಹಿಡಿದು ನಕ್ಕ,
"ಎಷ್ಟು ಚಂದ! ಇನ್ನೊಮ್ಮೆ ಮಾಡುತ್ತೀರಾ?"
ಮುಖ ಬಿಸಿಯಾಯಿತು.
ಪಟ್ಟಿಯ ಮೇಲೆ ನಾನೇ ಜಾರುತ್ತ ಬಂದು
ಹಸಿರಾಗಿ ಹೊಳೆದ ಹಾಗೆ.

ಬೊಹೋರ್ ತಲೆ ಎತ್ತಲಿಲ್ಲ. ಮೊಟ್ಟೆಯ ಸಿಪ್ಪೆ ಬಿಡಿಸುತ್ತ,
ಯಾರಿಗೂ ಅಲ್ಲದಂತೆ,
"ನಮ್ಮಮ್ಮ ಮೂರು ಸಲ ಮುತ್ತಿಡುತ್ತಿದ್ದಳು.
ನೀನು ಒಂದಕ್ಕೇ ಮುಗಿಸಿಬಿಟ್ಟೆ."

ಶುಕ್ರವಾರ ಲಾರಿ ತಡ.
ನಲವತ್ತು ಪೆಟ್ಟಿಗೆಗೆ ಅವನ ಮುದ್ರೆ ಬಾಕಿ.
ಎರಡು ಗಂಟೆಗೆ ಪೆನ್ನು ಮುಚ್ಚಿ ಬಸ್ಸಿಗೆ ಹೊರಟೇಬಿಟ್ಟ.
ಮಾಲೀಕ ಗೋಗರೆದ, ನೋಟು ಎಣಿಸಿದ, ಕೊನೆಗೆ ಬೈದ:
ಒಂದು ಸಹಿ, ಒಂದೇ ನಿಮಿಷ!
"ನಿಮಿಷ ನನ್ನದಾಗಿದ್ದರೆ ಕೊಡುತ್ತಿದ್ದೆ,"
ಎಂದ ಮುದುಕ, ಬಾಗಿಲಲ್ಲಿ ನಿಂತು,
ಅಪರೂಪಕ್ಕೆ ಸಾಲ ಕೇಳಿದ ನೆಂಟನಿಗೆ ಹೇಳುವಂತೆ.

ಶನಿವಾರವಿಡೀ ಲಾರಿಯ ನೆರಳಿನಲ್ಲಿ ಮಲಗಿ
ಶಪಿಸಿದ ಡ್ರೈವರ್ ಸತಿಲ್ಮಿಷ್.
ಸಂಜೆ ಅಂಗಳಕ್ಕೆ ಬಂದೆವು, ಕಣ್ಣಲ್ಲಿನ್ನೂ ನೇರಳೆ.
ಎಷ್ಟು ನಕ್ಷತ್ರ ಕಂಡರೆ ಅವನ ದಿನ ಮುಗಿಯುತ್ತದಂತೆ? ಮೂರು.
ರಂಜಾನಿನ ಎಳೆಚಂದ್ರನನ್ನು ಹುಡುಕಿ
ಕತ್ತು ನೋಯಿಸಿಕೊಂಡವರು ನಾವು,
ನಮಗೇನು ಹೊಸದೇ?

ಅವನು ಬರುವುದು ನಾಳೆ ಬೆಳಿಗ್ಗೆ.
ನಮ್ಮನ್ನು ಯಾರೂ ಎಣಿಸಿರೆಂದಿಲ್ಲ.
ಬಾವಿಯ ಮೇಲೊಂದು. ಮಿನಾರಿನ ಪಕ್ಕ ಇನ್ನೊಂದು.
"ಮೂರು!" ಎಂದು ಕೂಗಿದಳು ನಾಜ್ಮಿಯೆ.
ವಿಮಾನ ಕಣೇ ಅದು, ಎಂದೆ.
ಅವಳು ಕಣ್ಣು ಕಿರಿದು ಮಾಡಿ ನೋಡಿದಳು,
ನೋಡಿ, ಒಂದು ಬೆರಳು ಮಡಚಿದಳು.